ಹೊಳೆದಂಡೆಯ ಹದಿನೇಳನೇ ನಂಬರಿನ ಧ್ವನಿವರ್ಧಕಕ್ಕೆ

ಮಾನ್ಯ ಧ್ವನಿವರ್ಧಕ ಮಹಾಶಯರೇ,

ಮಿನಾಸೆ ಪಟ್ಟಣದ ಹೊಳೆದಂಡೆಯಲ್ಲಿ ಹದಿನೈದು ಮೀಟರ್ ಕಂಬದ ತುದಿಯೇರಿ, ನಾಲ್ಕು ದಿಕ್ಕಿಗೆ ನಾಲ್ಕು ಬಾಯಿ ತೆರೆದು ನಿಂತಿರುವ ತಮ್ಮ ಪಾದಗಳಿಗೆ, ಎಂದರೆ ಸಿಮೆಂಟಿನ ಆ ಕಟ್ಟೆಗೆ, ಎದುರಿನ ವಿದ್ಯಾರ್ಥಿನಿಲಯದ ಎರಡನೇ ಮಹಡಿಯ ನಿವಾಸಿಯ ವಿನಯಪೂರ್ವಕ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ. ಇವತ್ತು ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ತಾವೇ ಖುದ್ದಾಗಿ ಇಡೀ ಊರಿಗೆ ತಿಳಿಸಿದ್ದೀರಿ.

ನನ್ನ ಪರಿಚಯ ತಮಗಿರಲಾರದು. ಹೆಸರು ಬೆರ್ಮೆತ್ ತಲಾಯ್ ಕಿಜಿ, ವಯಸ್ಸು ಇಪ್ಪತ್ತಮೂರು, ಊರು ಕಿರ್ಗಿಜ್‌ಸ್ತಾನದ ನರಿನ್. ‘ತಲಾಯ್ ಕಿಜಿ’ ಎಂದರೆ ನಮ್ಮ ಭಾಷೆಯಲ್ಲಿ ತಲಾಯ್ ಎಂಬುವರ ಮಗಳು ಎಂದಷ್ಟೇ ಅರ್ಥ. ಆದರೆ ಇಲ್ಲಿನ ಭಾಷಾಶಾಲೆಯ ಕಚೇರಿಯವರು ಕೊನೆಯಲ್ಲಿದ್ದದ್ದೇ ಮನೆತನದ ಹೆಸರಿರಬೇಕೆಂದು ತೀರ್ಮಾನಿಸಿ ನನ್ನನ್ನು ‘ಕಿಜಿ-ಸಾನ್’, ಎಂದರೆ ಕಿಜಿಯವರು, ಎಂದು ದಾಖಲಿಸಿಕೊಂಡರು. ಜಪಾನಿ ಭಾಷೆಯಲ್ಲಿ ಕಿಜಿ ಎಂದರೆ ಉದ್ದ ಬಾಲದ ಒಂದು ಕಾಡುಹಕ್ಕಿ. ಹೀಗಾಗಿ ಏಪ್ರಿಲ್ ತಿಂಗಳಿಂದ ನಾನು ಈ ಊರಿನಲ್ಲಿ ಶ್ರೀಮತಿ ಹಕ್ಕಿಯಾಗಿ ಬಾಳುತ್ತಿದ್ದೇನೆ. ಇದಕ್ಕೂ ತಮಗೂ ಸಂಬಂಧವಿಲ್ಲ. ಪತ್ರದಲ್ಲಿ ಪೂರ್ಣ ವಿವರ ಇರಬೇಕೆಂದು ಶಾಲೆಯಲ್ಲಿ ಕಲಿಸಿದ್ದಾರೆ, ಬರೆದಿದ್ದೇನೆ.

ಈ ಭಾಷೆಯನ್ನೇ ಏಕೆ ಕಲಿಯಲು ಹೊರಟೆ ಎಂಬುದನ್ನು ಮಾತ್ರ ತಾವು ತಿಳಿಯಲೇಬೇಕು, ಏಕೆಂದರೆ ಅದರಲ್ಲಿ ತಮ್ಮ ಕುಲಬಾಂಧವರ ಪಾತ್ರವಿದೆ. ನಮ್ಮ ಕಡೆ ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಎಷ್ಟೋ ನಿಮ್ಮ ದೇಶದವರು ಬಳಸಿ ಬಿಟ್ಟವು. ನಮ್ಮಪ್ಪನ ಹಳೆಯ ಕಾರು ಕೀಲಿ ತಿರುಗಿಸಿದ ಕೂಡಲೇ ಒಂದು ಹೆಣ್ಣು ದನಿಯಲ್ಲಿ, ಬಹಳ ವಾತ್ಸಲ್ಯದಿಂದ, ಏನೋ ಹೇಳುತ್ತಿತ್ತು. ಹದಿನಾರು ವರ್ಷ ಹೇಳಿತು. ಅದು ಪ್ರಯಾಣ ಸುಖವಾಗಲಿ ಎಂಬ ಹಾರೈಕೆಯೆಂದು ತಿಳಿದ ಅಪ್ಪ ಪ್ರತಿಸಲವೂ ತಲೆಬಾಗಿ, “ಒಳ್ಳೇದಮ್ಮ, ನಿನ್ನ ಬಾಯಿ ಹರಕೆ” ಎಂದು ಗೇರ್ ಹಾಕುತ್ತಿದ್ದರು. ನಾನು ಇಲ್ಲಿಗೆ ಬಂದು ಮೂರನೇ ತಿಂಗಳಿಗೆ ಆ ವಾಕ್ಯ ಅರ್ಥವಾಯಿತು: ‘ಟೋಲ್ ಕಾರ್ಡನ್ನು ಒಳಗೆ ಹಾಕಲಾಗಿಲ್ಲ.’ ಅಪ್ಪನಿಗೆ ಇನ್ನೂ ಹೇಳಿಲ್ಲ. ಆ ಕಾರುಗಳನ್ನು ಬಿಚ್ಚಿ ಜೋಡಿಸುವುದನ್ನು ಅವು ಹುಟ್ಟಿದ ಊರಿನಲ್ಲೇ ಕಲಿಯಬೇಕೆಂಬುದು ನನ್ನ ಆಸೆ. ಅದಕ್ಕೆ ವಾಹನ ದುರಸ್ತಿ ಕಾಲೇಜು ಸೇರಬೇಕಿತ್ತು. ಸೇರಲು ಡಿಸೆಂಬರ್ ಮೊದಲ ವಾರದ ಸಂದರ್ಶನ ಗೆಲ್ಲಬೇಕಿತ್ತು. ಗೆಲ್ಲಲು ಎದುರಿಗಿದ್ದವರು ಆಡಿದ ಮಾತು ಅರ್ಥವಾಗಬೇಕಿತ್ತು. ಆಗದಿದ್ದರೆ ಮಾರ್ಚ್‌ನಲ್ಲಿ ವೀಸಾ ಮುಗಿದು ಕಿಜಿ ಹಾರಿ ಊರಿಗೆ ಹೋಗುತ್ತಿತ್ತು.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ತಾವು ಮಾತಾಡುವ ಶೈಲಿಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ, ಮತ್ತು ಪದಗಳಿಲ್ಲದಿರುವುದಕ್ಕೆ ತಾವೇ ಕಾರಣ. ತಾವೊಂದು ಮಾತು ಆಡುತ್ತೀರಿ. ಅದನ್ನು ಹೊಳೆಯಾಚೆಯ ಹದಿನೆಂಟನೇ ನಂಬರಿನವರು ಅರ್ಧ ಸೆಕೆಂಡು ತಡವಾಗಿ ಪುನಃ ಆಡುತ್ತಾರೆ. ಇಬ್ಬರ ಮಾತನ್ನೂ ಹಿಂದಿನ ಗುಡ್ಡ ಕಲಸಿ ಉಂಡೆ ಕಟ್ಟಿ ನಮ್ಮ ಕಿಟಕಿಗೆ ಎಸೆಯುತ್ತದೆ. ನನ್ನ ಕೋಣೆಯ ಜೊತೆಗಾತಿ, ವಿಯೆಟ್ನಾಮಿನ ಲಿಯೆನ್, ತಮ್ಮ ದನಿ ಕೇಳಿದಾಗಲೆಲ್ಲ ಹೊದಿಕೆಯೊಳಗಿಂದ, “ಎಚ್ಚರಿಕೆ ಅಂತಿದಾರೆ ಕಣೇ. ಯಾವುದಕ್ಕೆ ಅಂತ ಗೊತ್ತಾಗ್ಲಿಲ್ಲ. ನಾವು ಎಚ್ಚರ ಆಗಿದೀವಲ್ಲ, ಸಾಕು” ಎಂದು ಮತ್ತೆ ಮಲಗುತ್ತಾಳೆ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ತಾವು ‘ಕುಮಾ’ ಎಂದದ್ದು ನಮ್ಮಿಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು. ಕುಮಾ ಎಂದರೆ ಕರಡಿ. ನಾವು ಬಾಗಿಲಿಗೆ ಮೇಜು ಅಡ್ಡ ಇಟ್ಟು ಇಡೀ ದಿನ ತರಗತಿ ತಪ್ಪಿಸಿದೆವು. ಮಾರನೆಯ ದಿನ ನಮ್ಮ ಗುರುಗಳಾದ ಮುನೆಕಾತಾ ಸೆನ್ಸೆಯಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ತಿಳಿಸಿದ ಪ್ರಕಾರ ತಾವು ಹೇಳಿದ್ದು ‘ಕುರುಮಾ’, ಎಂದರೆ ಕಾರು; ರಸ್ತೆ ಸುರಕ್ಷತಾ ಸಪ್ತಾಹ. ನಡುವಿನ ‘ರು’ವನ್ನು ಗುಡ್ಡ ತಿಂದಿತ್ತು. ಕಾರು ರಿಪೇರಿ ಕಲಿಯಲು ಬಂದವಳು ಕಾರಿಗೆ ಹೆದರಿ ಮನೆಯಲ್ಲಿ ಕೂತಳು ಎಂದು ತರಗತಿಯವರು ಒಂದು ತಿಂಗಳು ನಕ್ಕರು.

ಮುನೆಕಾತಾ ಸೆನ್ಸೆಯಿ ಮಾತ್ರ ಒಂದೇ ದಿನಕ್ಕೆ ನಗು ಮುಗಿಸಿದರು. ನನ್ನ ಕೇಳುವ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದುಕೊಂಡು ಅವರು ಹೇಳಿದರು: “ಕಿಜಿ-ಸಾನ್, ಪುಸ್ತಕದ ಜೊತೆ ಎಷ್ಟು ದಿನ ಮಾತಾಡ್ತೀರಿ? ಅದು ತಿರುಗಿ ಮಾತಾಡಲ್ಲ. ಹೊರಗೆ ಹೋಗಿ, ಯಾರಾದ್ರೂ ಸಿಗ್ತಾರೆ, ಮಾತಾಡಿ. ಬೈಸಿಕೊಂಡ್ರೂ ಪರವಾಗಿಲ್ಲ, ಬೈಗುಳಾನೂ ಭಾಷೇನೇ.”

ಅದರಂತೆ ನವೆಂಬರಿನ ಕೊನೆಯ ಶನಿವಾರ ಮಧ್ಯಾಹ್ನ ಒಂದೂವರೆಗೆ ತಮ್ಮ ಕಂಬದ ಕೆಳಗಿನ ಬೆಂಚಿಗೆ ಬಂದು ಕೂತೆ. ಬೆಂಚಿನ ಇನ್ನೊಂದು ತುದಿಯಲ್ಲಿ ವಯಸ್ಸಾದವರೊಬ್ಬರು ಬೂದು ಟೋಪಿ ಹಾಕಿಕೊಂಡು ಹೊಳೆಯನ್ನು ನೋಡುತ್ತಿದ್ದರು. ನನ್ನ ಕಡೆ ತಿರುಗಿದವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ತಲೆಯನ್ನು.

“ಈ ಕೂದಲು ಯಾರು ಕತ್ತರಿಸಿದ್ದು?”

“ನನ್ನ ಗೆಳತಿ. ಅಡುಗೆಮನೆ ಕತ್ತರಿ.”

“ಅವಳ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ಬೇಕು,” ಎಂದರು. “ನಾನು ಐವತ್ತೊಂದು ವರ್ಷ ಕ್ಷೌರದಂಗಡಿ ಇಟ್ಟವನು. ಇಂಥ ಅನ್ಯಾಯ ನೋಡಿಲ್ಲ. ಯಾವೂರಮ್ಮ ನಿಮ್ದು?”

“ನಾನು ಕಿರ್ಗಿಜ್‌ಸ್ತಾನ್ ಬಂದೆ.”

“ಕಿರ್ಗಿಜ್‌ಸ್ತಾನ್‌‘ನಿಂದ’. ‘ನಿಂದ’ ಬಿಟ್ಟೋಯ್ತು ನೋಡಿ. ಅಲ್ಲಿ ಚಳೀನಾ?”

ಮಹಾಶಯರೇ, ಎಂಟು ತಿಂಗಳಲ್ಲಿ ಮೊದಲ ಸಲ ಒಬ್ಬರು ನನ್ನ ವಿಭಕ್ತಿಯನ್ನು ನಗದೆ ಸರಿಪಡಿಸಿದ್ದರು. ಚಳಿ ಎಂದೆ, ಕುದುರೆಗಳಿವೆ ಎಂದೆ, ಬೆಟ್ಟಗಳಿವೆ ಎನ್ನಲು ಹೋಗಿ ಮರಗಳಿವೆ ಎಂದೆ. ಮಾತಿನ ಖುಷಿಗೆ ಚೀಲದಿಂದ ಕುರುತ್ ತೆಗೆದು ಒಂದನ್ನು ಅವರ ಕೈಗಿಟ್ಟೆ. ಕುರುತ್ ಎಂದರೆ ಒಣಗಿಸಿದ ಹುಳಿಮೊಸರಿನ ಉಪ್ಪುಂಡೆ. ಅಮ್ಮ ಪಾರ್ಸೆಲ್ ಮಾಡುವುದು. ಅವರು ಪೆಪ್ಪರ್‌ಮಿಂಟ್ ಎಂದುಕೊಂಡು ಬಾಯಿಗೆ ಹಾಕಿದರು. ಎರಡೂ ಹುಬ್ಬು ಟೋಪಿಯೊಳಗೆ ಹೋದವು. ಬಹಳ ಹೊತ್ತಿನ ಮೇಲೆ, “ಅಪರೂಪದ ರುಚಿ” ಎಂದರು. ಆಮೇಲೆ ಹೊಳೆ ನೋಡಿದರು. ಆಮೇಲೆ ನನ್ನ ತಲೆ ನೋಡಿದರು.

“ಯಾವೂರಮ್ಮ ನಿಮ್ದು?”

ನಾನು ಇದೊಂದು ಬೋಧನಾಕ್ರಮವೆಂದು ತಿಳಿದೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮ ಶಾಲೆಯಲ್ಲೂ ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿ ಕಲಿಸುತ್ತಾರೆ. ಈ ಸಲ ‘ನಿಂದ’ ಹಾಕಿದೆ. ಮೂರನೆಯ ಸಲ ಕೇಳಿದಾಗ ಬೆಟ್ಟಗಳನ್ನು ಮರಗಳೆನ್ನದೆ ಬೆಟ್ಟಗಳೆಂದೇ ಹೇಳಿದೆ. ಐದನೆಯ ಸಲಕ್ಕೆ ಕ್ರಿಯಾಪದ ಗೌರವರೂಪಕ್ಕೆ ತಿರುಗಿತು. ಏಳನೆಯ ಸಲ ನಮ್ಮಪ್ಪನ ಕಾರಿನ ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ, ಅವರು ತೊಡೆ ತಟ್ಟಿ ನಕ್ಕರು. ಎಂಟನೆಯ ಸಲ ಅದನ್ನೇ ಹೇಳಿದಾಗ ಅಷ್ಟೇ ನಕ್ಕರು. ಮೂರು ಸಲ ಕುರುತ್ ಕೊಟ್ಟೆ, ಮೂರು ಸಲವೂ ಹುಬ್ಬುಗಳು ಟೋಪಿಯೊಳಗೆ ಹೋದವು. ಶುಲ್ಕ ತೆಗೆದುಕೊಳ್ಳುವ ಯಾವ ಶಾಲೆಯೂ ಇಷ್ಟು ತಾಳ್ಮೆಯಿಂದ ಕಲಿಸಲಾರದು ಎಂದು ಮನಸ್ಸಿನಲ್ಲೇ ಕೈಮುಗಿದೆ. ನಾನು ಅಷ್ಟು ದಡ್ಡಿ ಎಂದು ತಾವು ತಿಳಿಯಬಹುದು. ಕಲಿಯುವ ಸಂತೋಷದಲ್ಲಿದ್ದವರಿಗೆ ಕಣ್ಣು ಸ್ವಲ್ಪ ಮಂಜಾಗುತ್ತದೆ ಎಂದಷ್ಟೇ ಹೇಳಬಲ್ಲೆ.

ಮೂರು ಗಂಟೆಗೆ ತಾವು ಬಾಯಿ ತೆರೆದಿರಿ. ತಮ್ಮ ಟಿಂಗ್ ಟಾಂಗ್ ಆಯಿತು, ಹದಿನೆಂಟನೇ ನಂಬರಿನವರ ಟಿಂಗ್ ಟಾಂಗ್ ಆಯಿತು, ಗುಡ್ಡ ಎರಡನ್ನೂ ನುಂಗಿತು. ನನಗೆ ದಕ್ಕಿದ್ದು ‘ಎಂಬತ್ತನಾಲ್ಕು ವರ್ಷ’ ಮತ್ತು ‘ಪುರುಷ’ ಎಂಬೆರಡು ತುಣುಕು ಮಾತ್ರ. ಪಕ್ಕದಲ್ಲಿ ಗುರುಗಳೇ ಇರುವಾಗ ಅಂಜಿಕೆ ಏಕೆಂದು ಕೇಳಿದೆ.

“ಅವರು ಏನು ಹೇಳುತ್ತಿದ್ದಾರೆ?”

“ಯಾರೋ ವಯಸ್ಸಾದವರು ಮನೆಯಿಂದ ಹೊರಟು ಎಲ್ಲಿಗೋ ಹೋಗಿಬಿಟ್ಟಿದಾರಂತೆ,” ಎಂದು ಅವರು ನಾಲಗೆ ಲೊಚಗುಟ್ಟಿದರು. “ಪಾಪ, ಮನೆಯವರಿಗೆ ಎಷ್ಟು ಗಾಬರಿ ಆಗಿರ್ಬೇಡ! ಏಳಿ ಏಳಿ, ಕೂತಿದ್ರೆ ಹೇಗೆ? ಹುಡುಕೋಣ.”

ಹುಡುಕಿದೆವು. ತಮ್ಮ ಮಾತಿಗೆ ಓಗೊಟ್ಟು ಅಂದು ಈ ಊರಿನಲ್ಲಿ ಯಾರಾದರೂ ಶ್ರದ್ಧೆಯಿಂದ ಹುಡುಕಿದ್ದರೆ ಅದು ನಾವಿಬ್ಬರು. ಸೇತುವೆಯ ಕೆಳಗೆ ಬಗ್ಗಿ ನೋಡಿದೆವು. ಸಾರ್ವಜನಿಕ ಶೌಚಾಲಯದ ಬಾಗಿಲ ಬಳಿ ನಿಂತು ಅವರು, “ಒಳಗೆ ಯಾರಾದ್ರೂ ಅಜ್ಜ ಇದೀರಾ?” ಎಂದು ಕೂಗಿದರು. ತಂಪು ಪಾನೀಯದ ಯಂತ್ರದ ಹಿಂದೆ ನೋಡಿದೆವು. ಮೀನು ಹಿಡಿಯುತ್ತಿದ್ದವನೊಬ್ಬನನ್ನು ಅವರು ತಡೆದು, “ವಯಸ್ಸಾದ ಒಬ್ಬರು ಈ ಕಡೆ ಬಂದ್ರಾ?” ಎಂದು ಕೇಳಿದರು. ಅವನು ಅವರನ್ನೇ ಮೇಲಿಂದ ಕೆಳಗೆ ನೋಡಿ, ನನ್ನನ್ನು ನೋಡಿ, ಗಾಳದ ಕಡೆ ತಿರುಗಿಬಿಟ್ಟ. ನಡೆಯುತ್ತಲೇ ಅವರು ನನಗೆ ‘ಹುಡುಕು’ ಎಂಬ ಕ್ರಿಯಾಪದದ ಎಲ್ಲ ರೂಪಗಳನ್ನೂ ಬಾಯಿಪಾಠ ಮಾಡಿಸಿದರು.

ಮೂರೂವರೆಗೆ ತಾವು ಮತ್ತೆ ಬಾಯಿ ತೆರೆದಿರಿ. ಆಗ ನಾವು ಗುಡ್ಡದ ಮರೆಯಲ್ಲಿದ್ದೆವು; ಪ್ರತಿಧ್ವನಿ ಅಲ್ಲಿಗೆ ಬರುವುದಿಲ್ಲ. ಅವರು ನನ್ನ ತೋಳು ಹಿಡಿದು ನಿಲ್ಲಿಸಿ, “ಈಗ ಒಂದೊಂದೇ ಮಾತು ಕೇಳಿಸ್ಕೊಳ್ಳಿ, ಗೊತ್ತಿಲ್ಲದ್ದು ನಾನು ಹೇಳ್ತೀನಿ” ಎಂದರು. ತಾವು ‘ಎತ್ತರ ನೂರ ಐವತ್ತೆಂಟು ಸೆಂಟಿಮೀಟರ್’ ಎಂದಿರಿ, ಅರ್ಥವಾಯಿತು. ‘ತೆಳ್ಳಗಿನ ಮೈಕಟ್ಟು’ ಎಂದಿರಿ, ಆಗಲಿಲ್ಲ.

“ಅಂದ್ರೆ ಸಣ್ಣಗಿರೋದು. ನನ್ನ ಹಾಗೆ.”

‘ಕರಾಶಿ ಬಣ್ಣದ ಸ್ವೆಟರ್’ ಎಂದಿರಿ. ಕರಾಶಿ ಎಂಬ ಪದವನ್ನು ಅಂಗಡಿಯ ಪೊಟ್ಟಣದ ಮೇಲೆ ಓದಿದ್ದೆ, ಸಾಸಿವೆ ಅರೆದ ಗೊಜ್ಜು ಅದು. ಬಣ್ಣ ಹೇಗಾಗುತ್ತದೆ ಎಂದು ಹೊಳೆಯಲಿಲ್ಲ.

“ಕರಾಶಿ ಬಣ್ಣ ಗೊತ್ತಿಲ್ವಾ? ಇಗೋ, ಈ ತರ,” ಎಂದು ಅವರು ತಮ್ಮದೇ ಹಳದಿ ಸ್ವೆಟರಿನ ಅಂಚನ್ನು ಎರಡು ಬೆರಳಲ್ಲಿ ಎಳೆದು ತೋರಿಸಿದರು.

‘ಬೂದು ಟೋಪಿ,’ ಎಂದಿರಿ ತಾವು. ‘ಕಾಲಿಗೆ ಮನೆಯೊಳಗೆ ಹಾಕುವ ಚಪ್ಪಲಿ.’

ನಾನು ಕೆಳಗೆ ನೋಡಿದೆ. ನೀಲಿ ಬಟ್ಟೆಯ ಮೆತ್ತನೆಯ ಚಪ್ಪಲಿ, ಹೊಳೆದಂಡೆಯ ಕೆಸರಿನಲ್ಲಿ ನೆನೆದು ಕಪ್ಪಾಗಿದ್ದವು. ಎಂಟು ತಿಂಗಳಲ್ಲಿ ತಮ್ಮ ಬಾಯಿಂದ ಬಂದ ಒಂದು ಪ್ರಕಟಣೆ ನನಗೆ ಮೊದಲಿಂದ ಕೊನೆಯವರೆಗೆ ಅರ್ಥವಾದದ್ದು ಅದೇ ಮೊದಲು, ಮತ್ತು ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿದ್ದೂ ಅದೇ ಮೊದಲು. ತಲೆಯೆತ್ತಿದಾಗ ಅವರ ಎರಡು ಬೆರಳು ಇನ್ನೂ ಸ್ವೆಟರಿನ ಅಂಚಿನಲ್ಲೇ ಇದ್ದವು. ಅವರು ಆ ಬಣ್ಣವನ್ನೇ ನೋಡುತ್ತಿದ್ದರು, ಯಾರದೋ ಬಟ್ಟೆ ತಮ್ಮ ಮೈಮೇಲೆ ಹೇಗೆ ಬಂತೆಂಬಂತೆ.

ಈಗ ಏನು ಹೇಳಬೇಕು? ಪಠ್ಯಪುಸ್ತಕದಲ್ಲಿ ಬ್ಯಾಂಕ್ ಖಾತೆ ತೆರೆಯುವ ಪಾಠವಿದೆ, ಹಲ್ಲುನೋವಿನ ಪಾಠವಿದೆ. ಎದುರಿಗಿರುವ ಹಿರಿಯರಿಗೆ ‘ಕಳೆದುಹೋದವರು ತಾವೇ’ ಎಂದು ನೋವಾಗದಂತೆ ತಿಳಿಸುವ ಪಾಠವಿಲ್ಲ. ನನ್ನ ಭಾಷೆಯಲ್ಲೇ ಕೇಳಿದ್ದರೂ ನನಗದು ಬರುತ್ತಿರಲಿಲ್ಲ. ಹೀಗಾಗಿ ನನಗೆ ಗೊತ್ತಿದ್ದ ವಾಕ್ಯಗಳಲ್ಲೇ ಹುಡುಕಿ, ಎರಡನೇ ಪಾಠದ ಒಂದನ್ನು ಆರಿಸಿಕೊಂಡೆ.

“ಅಜ್ಜ, ನನಗೆ ದಾರಿ ತಪ್ಪಿದೆ. ದಯವಿಟ್ಟು ನನ್ನನ್ನು ಪೊಲೀಸ್ ಚೌಕಿಗೆ ಕರೆದುಕೊಂಡು ಹೋಗುತ್ತೀರಾ?”

ಅವರು ಸ್ವೆಟರ್ ಬಿಟ್ಟರು. ಬೆನ್ನು ನೆಟ್ಟಗಾಯಿತು. “ಮೊದಲೇ ಹೇಳೋದಲ್ವಾ? ಹೊರದೇಶದ ಮಗು, ಹೆದರ್ಕೋಬೇಡಿ. ನಾನಿದೀನಿ,” ಎಂದು ನನ್ನ ಮುಂದೆ ನಡೆದರು. ಮನೆಯ ದಾರಿ ಮರೆತಿದ್ದರೂ ಚೌಕಿಯ ದಾರಿ ಅವರಿಗೆ ನೆನಪಿತ್ತು. ಅಲ್ಲಿನ ಪೊಲೀಸರ ತಲೆಕೂದಲನ್ನೆಲ್ಲ ಐವತ್ತೊಂದು ವರ್ಷ ಅವರೇ ಕತ್ತರಿಸಿದ್ದಂತೆ. ದಾರಿಯಲ್ಲಿ ಎರಡು ಸಲ ಯಾವೂರು ಎಂದು ಕೇಳಿದರು. ಹೇಳಿದೆ. ಆ ಹೊತ್ತಿಗೆ ನನ್ನ ಉತ್ತರದಲ್ಲಿ ತಪ್ಪೊಂದೂ ಉಳಿದಿರಲಿಲ್ಲ.

ಚೌಕಿಯ ಪೊಲೀಸ್ ಅವರನ್ನು ಕಂಡು ಕುರ್ಚಿಯಿಂದ ನೆಗೆದೆದ್ದರು. ಪೊಲೀಸ್ ಬಾಯಿ ತೆರೆಯುವ ಮೊದಲೇ ಅಜ್ಜ ಕೈಯೆತ್ತಿದರು. “ಈ ಮಗು ದಾರಿ ತಪ್ಪಿಸ್ಕೊಂಡಿದೆ. ಮೊದಲು ಮನೆಗೆ ಕಳಿಸೋ ಏರ್ಪಾಡು ಮಾಡಿ. ಕೂದಲಿನ ಕಂಪ್ಲೇಂಟ್ ಬೇರೆ ಇದೆ, ಅದು ಆಮೇಲೆ.” ಪೊಲೀಸ್ ನನ್ನ ಮುಖ ನೋಡಿದರು. ನಾನು ಬೆರಳಿನಿಂದ ಮೆಲ್ಲಗೆ ಸ್ವೆಟರ್ ತೋರಿಸಿದೆ. ಅವರು ಜಾಣರು, ಗಂಭೀರವಾಗಿ ಪುಸ್ತಕ ತೆರೆದು, “ಬಹಳ ಉಪಕಾರ ಆಯ್ತು ಹೊಸೊಯಾ-ಸಾನ್. ಕೂತ್ಕೊಳ್ಳಿ, ಬರ್ಕೊಳ್ತೀನಿ” ಎಂದು ನನ್ನ ಹೆಸರು, ವಿಳಾಸ ಕೇಳುತ್ತ, ಇನ್ನೊಂದು ಕೈಯಲ್ಲಿ ಫೋನ್ ಒತ್ತಿದರು. ಹೀಗೆ ನನಗೆ ಅವರ ಹೆಸರು ತಿಳಿಯಿತು. ಎರಡು ಗಂಟೆ ಪಾಠ ಹೇಳಿದ ಗುರುಗಳ ಹೆಸರನ್ನು ನಾನು ಕೇಳಿರಲೇ ಇಲ್ಲ.

ಐದು ನಿಮಿಷದಲ್ಲಿ ಅವರ ಮಗಳು ಫುಮಿಯೆ ಸೈಕಲ್ ತುಳಿದುಕೊಂಡು ಬಂದರು. ಈಗ ಅಂಗಡಿ ನಡೆಸುವವರು ಅವರೇ. ಸೊಂಟದಲ್ಲಿ ಕತ್ತರಿ ಬಾಚಣಿಗೆ ಹಾಗೇ ಇದ್ದವು. ಅವರ ಹಿಂದೆಯೇ ಇನ್ನೊಂದು ಸೈಕಲ್ಲಿನಲ್ಲಿ, ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆ ಹಾರಿಸಿಕೊಂಡು, ಬಲಗಡೆ ಮಾತ್ರ ಕೂದಲು ಕತ್ತರಿಸಿದ ತಲೆಯ ಗಿರಾಕಿಯೊಬ್ಬರು ಏದುಸಿರು ಬಿಡುತ್ತ ಬಂದರು. ಕುರ್ಚಿಯಿಂದ ಎದ್ದವರು ಮಧ್ಯಾಹ್ನದಿಂದ ಹಾಗೇ ಹುಡುಕುತ್ತಿದ್ದರಂತೆ. ಫುಮಿಯೆ ಬಾಗಿಲಲ್ಲೇ ನಿಂತು ತಂದೆಯ ಕಾಲಿನ ಕೆಸರನ್ನು ನೋಡಿದರು. ಹೊಸೊಯಾ-ಸಾನ್ ಮಗಳನ್ನು ನೋಡಲಿಲ್ಲ, ಗಿರಾಕಿಯ ತಲೆ ನೋಡಿದರು.

“ಫುಮಿಯೆ! ಗಿರಾಕೀನ ಹೀಗೆ ಅರ್ಧಕ್ಕೆ ಬಿಟ್ಟು ಬೀದಿ ಸುತ್ತೋದಾ? ನಾಚಿಕೆ ಆಗಲ್ವಾ ನಿಂಗೆ?”

“ಆಗುತ್ತಪ್ಪ,” ಎಂದರು ಫುಮಿಯೆ. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಅತ್ತರು. ಗಿರಾಕಿ ತಮ್ಮ ಬಿಳಿ ಬಟ್ಟೆಯ ತುದಿಯನ್ನೇ ಕಣ್ಣೊರೆಸಲು ಕೊಟ್ಟರು.

ಆಗ, ಮಹಾಶಯರೇ, ತಾವು ಮೂರನೆಯ ಸಲ ಮಾತಾಡಿದಿರಿ. ‘ಕಾಣೆಯಾಗಿದ್ದ ಎಂಬತ್ತನಾಲ್ಕು ವರ್ಷದ ಪುರುಷರು ಸುರಕ್ಷಿತವಾಗಿ ಸಿಕ್ಕಿದ್ದಾರೆ. ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು.’ ಹೊಸೊಯಾ-ಸಾನ್ ಕಿವಿಗೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡು ಚಪ್ಪಾಳೆ ತಟ್ಟಿದರು. “ಸಿಕ್ಕಿದರಂತೆ! ಕೇಳಿಸ್ತಾ? ಸಿಕ್ಕಿದರಂತೆ! ಒಳ್ಳೇದಾಯ್ತು, ಒಳ್ಳೇದಾಯ್ತು.” ನಾವೆಲ್ಲರೂ ಚಪ್ಪಾಳೆ ತಟ್ಟಿದೆವು, ಪೊಲೀಸ್ ಸಹಿತ.

ಸಂದರ್ಶನವೂ ಮುಗಿಯಿತು. ಯಾವ ಊರಿನವರು ಎಂಬುದೇ ಮೊದಲ ಪ್ರಶ್ನೆ. ನಾನು ಬಾಯಿ ತೆರೆದ ಕೂಡಲೇ ಮೂವರು ಸಂದರ್ಶಕರೂ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. ನನ್ನ ಜಪಾನಿಯಲ್ಲಿ ವ್ಯಾಕರಣದ ತಪ್ಪಿರಲಿಲ್ಲವಂತೆ. ಆದರೆ ಎಂಬತ್ತು ದಾಟಿದ ಕ್ಷೌರಿಕರೊಬ್ಬರು ಗಿರಾಕಿಯ ಕತ್ತಿನ ಹಿಂದೆ ನಿಂತು ಮಾತಾಡಿದಂತಿತ್ತಂತೆ. ಒಬ್ಬರು ನಗು ತಡೆಯಲಾರದೆ ಹೊರಗೆ ಹೋಗಿ ಬಂದರು. ಸೀಟು ಸಿಕ್ಕಿದೆ. ಪ್ರತಿ ಗುರುವಾರ ಹೊಸೊಯಾ-ಸಾನ್ ಅವರ ಅಂಗಡಿಗೆ ಹೋಗುತ್ತೇನೆ. ಅವರಿಗೆ ನನ್ನ ಗುರುತು ಸಿಗುವುದಿಲ್ಲ. ಪ್ರತಿ ಗುರುವಾರ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತೇವೆ, ಅವರಿಗೆ ಪ್ರತಿ ಗುರುವಾರ ನಾನು ಇಷ್ಟವಾಗುತ್ತೇನೆ. ಇಂಥ ಅದೃಷ್ಟ ಎಷ್ಟು ಜನರಿಗಿದೆ?

ಇನ್ನು ದೂರು. ತಾವು ಪ್ರಕಟಣೆಯಲ್ಲಿ ಎತ್ತರ ಹೇಳಿದಿರಿ, ಸ್ವೆಟರ್ ಹೇಳಿದಿರಿ, ಚಪ್ಪಲಿಯನ್ನೂ ಬಿಡಲಿಲ್ಲ. ಆ ಮನುಷ್ಯರು ಒಬ್ಬ ವಿದೇಶಿ ಹುಡುಗಿಯ ವಿಭಕ್ತಿಗಳನ್ನು ನೆಟ್ಟಗೆ ಮಾಡುತ್ತ ಕೂತಿದ್ದಾರೆಂದು ಹೇಳಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಮೂರನೆಯ ಪ್ರಕಟಣೆ ಪೂರ್ತಿ ತಪ್ಪು. ಆದ್ದರಿಂದ ನಾಳೆ ಸಂಜೆ ಐದಕ್ಕೆ, ಗುಡ್ಡದವರಿಗೂ ಹದಿನೆಂಟನೇ ನಂಬರಿನವರಿಗೂ ಸುಮ್ಮನಿರಲು ಹೇಳಿ, ನಾಲ್ಕು ದಿಕ್ಕಿಗೂ ಕೆಳಗಿನ ತಿದ್ದುಪಡಿಯನ್ನು ಓದಬೇಕೆಂದು ಕೈಮುಗಿದು ಕೋರುತ್ತೇನೆ: ನವೆಂಬರ್ ಕೊನೆಯ ಶನಿವಾರ ಕಳೆದುಹೋಗಿದ್ದವರು ಇಪ್ಪತ್ತಮೂರು ವರ್ಷದ ವಿದ್ಯಾರ್ಥಿನಿ, ಎತ್ತರ ನೂರ ಅರವತ್ತಾರು ಸೆಂಟಿಮೀಟರ್, ಕೂದಲು ಸೊಟ್ಟ. ಹುಡುಕಿ ಕರೆತಂದವರು ಹೊಸೊಯಾ ತೊಕುಜಿ-ಸಾನ್. ಸಹಕರಿಸಿದ ಬೇರೆ ಯಾರೂ ಇಲ್ಲ.

ತಮ್ಮ ಉತ್ತರ ತಾನಾಗಿಯೇ ಕೇಳಿಸುತ್ತದಾದ್ದರಿಂದ ಅಂಚೆಚೀಟಿ ಲಗತ್ತಿಸಿಲ್ಲ.

ತಮ್ಮ ಕಂಬದ ನೆರಳಿನ ವಿಶ್ವಾಸಿ,
ಬೆರ್ಮೆತ್ ತಲಾಯ್ ಕಿಜಿ

ತಾಜಾ ಕಲಂ: ಈ ಪತ್ರದ ಒಂದು ಪ್ರತಿಯನ್ನು ಪುರಸಭೆಗೂ ಕೊಟ್ಟಿದ್ದೆ. ಅವರು ಅಪಾರ ಸೌಜನ್ಯದಿಂದ ಮೂರೇ ದಿನದಲ್ಲಿ ಕ್ರಮ ಕೈಗೊಂಡು, ಹೊರಗಿನ ಪ್ರಕಟಣೆ ಸರಿಯಾಗಿ ಕೇಳಿಸದವರಿಗೆಂದು ಇರುವ ಪುಟ್ಟ ಪೆಟ್ಟಿಗೆಯೊಂದನ್ನು ನನ್ನ ದಿಂಬಿನ ಪಕ್ಕದ ಗೋಡೆಗೆ ಉಚಿತವಾಗಿ ಜೋಡಿಸಿ ಹೋಗಿದ್ದಾರೆ. ತಮ್ಮ ತಮ್ಮನಿರಬೇಕು. ಅದಕ್ಕೆ ಬಾಯಿ ಒಂದೇ, ಆದರೆ ಅದನ್ನು ಮುಚ್ಚುವ ಗುಂಡಿ ಮಾತ್ರ ಎಲ್ಲೂ ಕಾಣುತ್ತಿಲ್ಲ. ಇವತ್ತು ಬೆಳಿಗ್ಗೆ ಆರಕ್ಕೆ ಲಿಯೆನ್ ಹೊದಿಕೆಯಿಂದ ತಲೆ ಹೊರಹಾಕಿ ಕೇಳಿದಳು: “ದೂರು ಕೊಟ್ಟೋಳು ನೀನು ತಾನೇ? ಇನ್ನೊಂದು ಕೊಡ್ಬೇಡ ಮಾರಾಯ್ತಿ, ಕಂಬಾನೇ ತಂದು ಒಳಗೆ ನೆಡ್ತಾರೆ.”